ಪಕ್ಕದ ಕೋಣೆಯ ಜಪ

ಒಂದು ಭಾಗ ಬಿದ್ದುಹೋದ ಮನುಷ್ಯರನ್ನು ಮಗ್ಗುಲು ಹೊರಳಿಸುವಾಗ ಎಳೆಯಬಾರದು. ಮೈ ಕೆಳಗೆ ಜಾರುವ ಬಟ್ಟೆ ತೂರಿಸಿ, ಮೊಣಕಾಲು ಮಡಿಸಿ, ಭುಜವನ್ನೂ ಸೊಂಟವನ್ನೂ ಒಟ್ಟಿಗೆ ನಮ್ಮ ಕಡೆಗೆ ತರಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಹಿಂದೆ ಉಳಿಯುತ್ತದೆ, ಎಲುಬು ಮುಂದೆ ಬರುತ್ತದೆ. ಬೆನ್ನಹುಣ್ಣು ಶುರುವಾಗುವುದು ಹಾಗೆ. ಇದು ಮಂಗಳೂರಿನಲ್ಲಿ ಸಿಸ್ಟರ್‌ಗಳ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಕೈ ಕಲಿತದ್ದು, ಓದಿ ಕಲಿತದ್ದಲ್ಲ. ಓದು ನನಗೆ ನಾಲ್ಕನೇ ಕ್ಲಾಸಿನಷ್ಟು. ಅದಕ್ಕೇ ಇಷ್ಟು ಬರೆಯುವುದಕ್ಕೆ ಒಂದು ಚಳಿಗಾಲ ಹಿಡಿಯಿತು.

ಮುದುಕಿ ಜಪಾನಿನವಳು. ಸಿಡ್ನಿಯ ಎಪ್ಪಿಂಗ್‌ನಲ್ಲಿ ಸ್ಟೇಷನ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋಗಿದ್ದ ಆಸ್ಟ್ರೇಲಿಯದ ಸೈನಿಕನನ್ನು ಮದುವೆಯಾಗಿ ಬಂದವಳು. ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಒಬ್ಬನೇ ಮಗ, ಅವನಿಗೂ ಅರವತ್ತು ದಾಟಿತ್ತು, ಮೆಲ್ಬೋರ್ನಿನಲ್ಲಿದ್ದ. ಸ್ಟ್ರೋಕ್ ಹೊಡೆದು ಎಡಗೈ ಎಡಗಾಲು ಹೋದ ಮೇಲೆ ಅವಳನ್ನು ನೋಡಿಕೊಳ್ಳಲು ಜನ ಹುಡುಕಿದರು. ಮನೆಮನೆಗೆ ಆಳು ಕಳಿಸುವ ಕೆಲಸ ಮಾಡುತ್ತಿದ್ದ ಧಾರವಾಡದ ಹೆಂಗಸೊಬ್ಬಳು, ಸಿಡ್ನಿಯಲ್ಲೇ ಮಗಳ ಮನೆಯಲ್ಲಿದ್ದ ನನಗೆ ಫೋನ್ ಮಾಡಿದಳು.

"ಬಾಯಾರ, ಒಂದ್ ಜಪಾನಿ ಮುದುಕಿ ಐತ್ರೀ. ನಾ ಕಳ್ಸಿದ ಹುಡಿಗೇರು ಯಾರೂ ನಿಲ್ಲವಲ್ರು. ಆಕಿ ಚಮಚಾ ಒಗೀತಾಳಂತ."

"ಚಮಚ ತಾನೇ? ಕತ್ತಿ ಅಲ್ಲವಲ್ಲ. ಬರ್ತೇನೆ," ಎಂದೆ.

ಚಮಚ ಎಸೆದಳು, ನಿಜ. ನಾನು ಹೆಕ್ಕಿ, ತೊಳೆದು, ಮತ್ತೆ ಬಾಯಿಗೆ ಹಿಡಿದೆ. ಸ್ಟ್ರೋಕ್ ಆದವರಿಗೆ ನೀರು ತೆಳ್ಳಗೆ ಕೊಡಬಾರದು, ಶ್ವಾಸಕ್ಕೆ ಹೋಗುತ್ತದೆ. ಪುಡಿ ಹಾಕಿ ಗಂಜಿಯಷ್ಟು ದಪ್ಪ ಮಾಡಿ, ಗದ್ದವನ್ನು ಎದೆಗೆ ತಾಗಿಸಿ ನುಂಗಲು ಹೇಳಬೇಕು. ಹುಡುಗಿಯರು ಅವಸರ ಮಾಡುತ್ತಿದ್ದರು, ಅವಳಿಗೆ ಕೆಮ್ಮು ಬರುತ್ತಿತ್ತು, ಚಮಚ ಎಸೆಯುತ್ತಿದ್ದಳು. ಅಷ್ಟೇ ವಿಷಯ. ಅವಳ ಇಂಗ್ಲಿಷ್ ತುಂಡು ತುಂಡು, ನನ್ನದೂ ತುಂಡು. ಎರಡನ್ನೂ ಸೇರಿಸಿದರೆ ಹೇಗೋ ಒಂದು ಮಾತಾಗುತ್ತಿತ್ತು. ಇಲ್ಲಿ ಅದನ್ನು ಹೊಲಿದು ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ಅವಳ ಬೆನ್ನು ಒರೆಸುತ್ತಿದ್ದೆ. ಅವಳು ಗೋಡೆಗೆ ಮುಖ ಮಾಡಿ ಗುನುಗುತ್ತಿದ್ದಳು. ಜಪಾನಿ ಭಾಷೆ ಎಂದುಕೊಂಡೆ. ನಡುವೆ "ಅಬೆ ಮರಿಯಾ" ಎಂದು ಬಂತು. ಕೈ ನಿಂತಿತು. ಮತ್ತೆ ಕೇಳಿದೆ. ಉಳಿದದ್ದು ಗೊತ್ತಾಗಲಿಲ್ಲ, ಆದರೆ ಓಟ ಗೊತ್ತಾಯಿತು, ಯೇಸುವಿನ ತಾಯಿ ಮರಿಯಮ್ಮನ ಜಪದ್ದು. ನಾನು ಸಣ್ಣವಳಿದ್ದಾಗ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಲ್ಯಾಟಿನ್ನಿನಲ್ಲೇ ಆಗುತ್ತಿತ್ತು. ಅರ್ಥ ಒಬ್ಬರಿಗೂ ತಿಳಿಯದು, ಬಾಯಿಪಾಠ ಎಲ್ಲರಿಗೂ. ಆಮೇಲೆ ಕೊಂಕಣಿ ಬಂತು, ಲ್ಯಾಟಿನ್ ಹೋಯಿತು; ನನ್ನ ಬಾಯಿಂದ ಮಾತ್ರ ಹೋಗಿಲ್ಲ.

ಅಯ್ಯೋ, ಇವಳು ನಮ್ಮವಳು, ಎಂದುಕೊಂಡೆ. ಸಾಯುವ ಹತ್ತಿರ ಇದ್ದಾಳೆ, ಪಾದ್ರಿ ಇಲ್ಲ, ಪ್ರಸಾದ ಇಲ್ಲ. ಅವತ್ತೇ ಮಗನಿಗೆ ಫೋನ್ ಹಚ್ಚಿ, "ನಿನ್ನ ತಾಯಿ ಪ್ರಾರ್ಥನೆ ಮಾಡುತ್ತಿದ್ದಾಳೆ. ಪಾದ್ರಿಯನ್ನು ಕರೆಸು, ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿಸು," ಎಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಫೋನಿನಲ್ಲೇ ಮೂಗು ಸೇದಿದ. ತಂದೆ ಕ್ಯಾಥೊಲಿಕ್ ಆಗಿದ್ದನಂತೆ, ತಾಯಿ ಮದುವೆಗಾಗಿ ತಲೆಗೆ ದೀಕ್ಷೆಯ ನೀರು ಹಾಕಿಸಿಕೊಂಡು ಪ್ರತಿ ಭಾನುವಾರ ಜೊತೆಗೆ ಹೋಗುತ್ತಿದ್ದಳಂತೆ. ತಾಯಿಗೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವನಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ತಾಯಿಯನ್ನು ತನ್ನ ಮನೆಗೇ ಕರೆದುಕೊಂಡು ಹೋಗಿ ಅಲ್ಲಿಯ ಪಾದ್ರಿಯಿಂದ ಎಲ್ಲ ಮಾಡಿಸುತ್ತೇನೆ ಎಂದ.

ಮುದುಕಿಗೆ ಹೇಳಿದೆ. ಅವಳು ಚಮಚ ಎಸೆಯಲಿಲ್ಲ. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ಯಾರು ಹೇಳಿದ್ದು ಅವನಿಗೆ?"

"ನಾನು."

"ಸ್ಟುಪಿಡ್ ವುಮನ್," ಎಂದಳು. ಗಟ್ಟಿಯಾಗಿಯೂ ಅಲ್ಲ.

ಆಮೇಲೆ ಅವಳ ಊರು ಹೊರಗೆ ಬಂತು. ಕೂತು ಹೇಳಿದ್ದಲ್ಲ. ಉಗುರು ಕತ್ತರಿಸುವಾಗ ಒಂದಿಷ್ಟು, ಮೈ ತೊಳೆಯುವಾಗ ಒಂದಿಷ್ಟು.

ಊರು ಜಪಾನಿನ ಪಶ್ಚಿಮದ ಒಂದು ದ್ವೀಪದಲ್ಲಿ. ಮುಂದೆ ಸಮುದ್ರ, ಹಿಂದೆ ಕಡಿದಾದ ಗುಡ್ಡ. ಗುಡ್ಡಕ್ಕೆ ಮೆಟ್ಟಿಲು ಕಡಿದು ಗೆಣಸು ಬೆಳೆಯುತ್ತಿದ್ದರು. ಗಂಡಸರು ಮೀನಿಗೆ ಹೋಗುತ್ತಿದ್ದರು. ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದ ಪಾದ್ರಿಗಳು ಊರಿಗೆ ಊರನ್ನೇ ಕ್ರೈಸ್ತರನ್ನಾಗಿ ಮಾಡಿದರಂತೆ. ಆಮೇಲೆ ಬಂದ ಸರ್ಕಾರ ಪಾದ್ರಿಗಳನ್ನು ಕೊಂದಿತು, ಧರ್ಮ ಬಿಡಲು ಒಪ್ಪದವರನ್ನು ಬಂಡೆಯ ಮೇಲಿಂದ ಸಮುದ್ರಕ್ಕೆ ತಳ್ಳಿತು. ಉಳಿದವರು ಬಾಯಿ ಮುಚ್ಚಿಕೊಂಡರು. ಬೌದ್ಧ ಗುಡಿಗೆ ಹೆಸರು ಕೊಟ್ಟರು. ಮುಂದಿನ ಕೋಣೆಯಲ್ಲಿ ಬುದ್ಧನನ್ನು ಇಟ್ಟರು, ಹಿಂದಿನ ಉಗ್ರಾಣದಲ್ಲಿ ಅಕ್ಕಿ ಪೆಟ್ಟಿಗೆಯ ಹಿಂದೆ ಮರಿಯಮ್ಮನನ್ನು ಇಟ್ಟರು. ವರ್ಷಕ್ಕೊಮ್ಮೆ ಅಧಿಕಾರಿ ಬಂದು ಹಿತ್ತಾಳೆಯ ಶಿಲುಬೆ ನೆಲದಲ್ಲಿಟ್ಟು ತುಳಿ ಎನ್ನುತ್ತಿದ್ದ. ತುಳಿಯುತ್ತಿದ್ದರು. ಮನೆಗೆ ಬಂದು ಕಾಲು ತೊಳೆದು ಆ ನೀರನ್ನೇ ಕುಡಿದು ಕ್ಷಮೆ ಕೇಳುತ್ತಿದ್ದರು. ತಲೆತಲಾಂತರ ಹೀಗೆ. ಪಾದ್ರಿ ಇಲ್ಲ, ಪುಸ್ತಕ ಇಲ್ಲ. ಊರಿನವನೇ ಒಬ್ಬ ಹುಟ್ಟಿದ ಮಗುವಿಗೆ ನೀರು ಹಾಕುವುದು, ಇನ್ನೊಬ್ಬ ಜಪ ಹೇಳುವುದು. ಜಪ ಹೇಳುವವನು ಇವಳ ಅಪ್ಪ.

ಯಾರಾದರೂ ಸತ್ತರೆ ಬೌದ್ಧ ಭಿಕ್ಷುವನ್ನು ಕರೆಯಲೇಬೇಕು; ಮೊದಲು ಸರ್ಕಾರದ ಕಣ್ಣಿತ್ತು, ಆಮೇಲೆ ಅದೇ ರೂಢಿಯಾಯಿತು. ಭಿಕ್ಷು ಮುಂದಿನ ಕೋಣೆಯಲ್ಲಿ ಹೆಣದ ಮುಂದೆ ಕೂತು ಮಂತ್ರ ಹೇಳುತ್ತಾನೆ. ಅದೇ ಹೊತ್ತಿಗೆ ಉಗ್ರಾಣದಲ್ಲಿ ಅವಳ ಅಪ್ಪ ಕೂತು ಇನ್ನೊಂದು ಜಪ ಹೇಳುತ್ತಾನೆ. ಭಿಕ್ಷು ಹೇಳಿದ್ದನ್ನೆಲ್ಲ ಅಳಿಸುವ ಜಪ. ಭಿಕ್ಷು ಹೊಸಿಲು ದಾಟುವುದರೊಳಗೆ ಅದು ಮುಗಿಯಬೇಕು. ಮುಗಿಯದಿದ್ದರೆ ಸತ್ತವರು ಭಿಕ್ಷುವಿನ ದಾರಿ ಹಿಡಿದು ಹೋಗುತ್ತಾರೆ, ತಮ್ಮವರಿಗೆ ಸಿಗುವುದಿಲ್ಲ.

ನಮ್ಮ ಮಂಗಳೂರಿನ ಕ್ರೈಸ್ತರನ್ನೂ ಹಿಂದೆ ಸುಲ್ತಾನನ ಸೈನಿಕರು ಘಟ್ಟದ ಮೇಲಕ್ಕೆ ಹೊಡೆದುಕೊಂಡು ಹೋಗಿದ್ದರು, ಇಗರ್ಜಿ ಕೆಡವಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಅದನ್ನು ಮುದುಕಿಗೆ ಹೇಳಿದೆ. "ನಿಮಗೆ ಪಾದ್ರಿಗಳು ವಾಪಸು ಸಿಕ್ಕರು," ಎಂದಳು. "ನಮಗೆ ಸಿಗುವ ಹೊತ್ತಿಗೆ ಅವರು ಬೇಡವಾಗಿದ್ದರು."

ಇವಳು ಹುಟ್ಟುವ ಎಷ್ಟೋ ಮೊದಲೇ ಆ ಕಾನೂನು ಹೋಗಿ ವಿದೇಶಿ ಪಾದ್ರಿಗಳು ಮತ್ತೆ ಬಂದಿದ್ದರಂತೆ. ಗುಡ್ಡದ ಮೇಲೆ ಇಟ್ಟಿಗೆಯ ಇಗರ್ಜಿ ಎದ್ದಿತು. ಅರ್ಧ ಊರು ಅಲ್ಲಿಗೆ ಹೋಯಿತು. ಇನ್ನರ್ಧಕ್ಕೆ ಪಾದ್ರಿ ಹೇಳಿದನಂತೆ: ನಿಮ್ಮ ಹಿರಿಯರು ಹಾಕಿಸಿಕೊಂಡ ನೀರು ಸರಿಯಿಲ್ಲ, ಅವರಿಗೆ ಮೋಕ್ಷ ಸಿಕ್ಕಿರಲಿಕ್ಕಿಲ್ಲ. ಬಂಡೆಯಿಂದ ಬಿದ್ದವರ ಮೊಮ್ಮಕ್ಕಳಿಗೆ ಹೇಳುವ ಮಾತೇ ಅದು? ಅರ್ಧ ಊರು ಉಗ್ರಾಣದಲ್ಲೇ ಉಳಿಯಿತು. ಮೇಲಿನ ಕೇರಿ, ಕೆಳಗಿನ ಕೇರಿ. ನಡುವೆ ಮದುವೆ ಇಲ್ಲ, ನೀರೂ ಇಲ್ಲ. ಇವಳ ಅತ್ತೆಯೊಬ್ಬಳು ಮೇಲಿನ ಕೇರಿಗೆ ಮದುವೆಯಾಗಿ ಹೋದಾಗ ಅವಳು ಉಣ್ಣುತ್ತಿದ್ದ ಬಟ್ಟಲನ್ನು ಮನೆಯವರು ಸಮುದ್ರಕ್ಕೆ ಎಸೆದರಂತೆ. ಈಗ ಕೆಳಗಿನ ಕೇರಿಯಲ್ಲಿ ಜನವೇ ಇಲ್ಲ. ಕೊನೆಯ ಜಪದವನು ಸತ್ತ, ಉಗ್ರಾಣದ ದೇವರನ್ನು ಮ್ಯೂಸಿಯಂಗೆ ಕೊಟ್ಟರು ಎಂದು ಯಾರೋ ಸಂಬಂಧಿ ಫೋನಿನಲ್ಲಿ ಹೇಳಿದ್ದರು.

"ನನ್ನ ಮಗ ಪಾದ್ರಿಯನ್ನು ಕರೆಸುತ್ತಾನೆ. ಪಾದ್ರಿ ಎಣ್ಣೆ ಹಚ್ಚುತ್ತಾನೆ. ನಾನು ಪಾದ್ರಿಯ ಕಡೆ ಹೋಗುತ್ತೇನೆ," ಎಂದಳು. "ಅಮ್ಮ ಇಲ್ಲದ ಕಡೆ ಹೋಗಿ ನಾನೇನು ಮಾಡಲಿ? ನೀನು ಪಕ್ಕದ ಕೋಣೆಯಲ್ಲಿ ಕೂತು ಅಳಿಸು. ನಾನು ಕಲಿಸುತ್ತೇನೆ."

ಅವಳೇ ಹೇಳಿಕೊಳ್ಳಬಾರದೇ ಎಂದೆ. ಆಗುವುದಿಲ್ಲವಂತೆ. ಸಾಯುವವರು ತಮಗೆ ತಾವೇ ಹೇಳಿಕೊಂಡರೆ ನಡೆಯದು, ಉಳಿಯುವವರು ಹೇಳಬೇಕು.

"ನಾನು ಕ್ಯಾಥೊಲಿಕ್. ಪಾದ್ರಿ ಕೊಡುವ ಸಂಸ್ಕಾರವನ್ನು ಅಳಿಸುವುದೆಂದರೆ ಏನು ಗೊತ್ತಾ ನಿನಗೆ? ಎರಡೂ ಒಂದೇ ಮರಿಯಮ್ಮ. ಸುಮ್ಮನೆ ಎಣ್ಣೆ ಹಚ್ಚಿಸಿಕೊ."

"ಒಂದೇ ಅಲ್ಲ. ನಮ್ಮವಳು ಕತ್ತಲಲ್ಲಿ ಕೂತವಳು."

"ನನ್ನಿಂದ ಆಗುವುದಿಲ್ಲ," ಎಂದೆ.

ಮರುದಿನದಿಂದ ಮುದುಕಿ ಬಾಯಿ ತೆರೆಯಲಿಲ್ಲ. ಚಮಚ ತುಟಿಗೆ ತಾಗಿದರೆ ಹಲ್ಲು ಕಚ್ಚುತ್ತಿದ್ದಳು. ಹೊರಳಿಸಲು ಹೋದರೆ ಬಲಗೈಯಿಂದ ಮಂಚದ ಕಂಬಿ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಸೊಂಟದ ಕೆಳಗೆ ಎಲುಬಿನ ಮೇಲೆ ಕೆಂಪಾಯಿತು. ಬೆರಳಿಂದ ಒತ್ತಿದರೆ ಕೆಂಪು ಬಿಳಿಯಾಗಿ ತಿರುಗಿ ಬರಬೇಕು, ಬಿಳಿಯಾಗಲೇ ಇಲ್ಲ. ಅಂದರೆ ಒಳಗೆ ಕೊಳೆಯಲು ಶುರುವಾಗಿದೆ. ಧಾರವಾಡದವಳಿಗೆ ಹೇಳಿದೆ.

"ಉಪಾಸ ಕುಂತಾಳೇನ್ರೀ ಮುದುಕಿ? ಯಾಕಂತ?"

"ಒಂದು ಕೆಲಸ ಮಾಡು ಹೇಳಿದಳು. ನಾನು ಆಗುದಿಲ್ಲ ಹೇಳಿದೆ."

"ಏನ್ ಕೆಲಸಾರೀ?"

"ಅದು ಹೇಳ್ಲಿಕ್ಕಾಗುದಿಲ್ಲ."

"ಹೇಳ್ಲಿಕ್ಕಾಗದಂಥ ಕೆಲಸ ಮಾಡಬ್ಯಾಡ್ರಿ ಮತ್ತ," ಎಂದಳು. "ಆದ್ರ ಉಣಸ್ರಿ ಬಾಯಾರ. ಉಣ್ಣದ ಸತ್ತಳಂದ್ರ ಮೊದಲ ನಮ್ಮನ್ನ ಕೇಳ್ತಾರ."

ನನ್ನ ಇಗರ್ಜಿಯ ಪಾದ್ರಿಯನ್ನು ಕೇಳೋಣವೇ ಎಂದು ಯೋಚಿಸಿದೆ. ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ. ಬೇಡ ಎಂದ ಮೇಲೆ ಮಾಡಿದರೆ ಪಾಪ ಎರಡಾಗುತ್ತದೆ.

ಅಷ್ಟರಲ್ಲಿ ಮಗ ಆಂಬ್ಯುಲೆನ್ಸ್ ಗೊತ್ತು ಮಾಡಿದ. ಮುದುಕಿ ಬಾಯಿ ತೆರೆಯದಿದ್ದರೂ ಹೊಸಬರಿಗಿಂತ ನಾನು ವಾಸಿ, ಜೊತೆಗೆ ಬರಬೇಕು ಎಂದು ಕೇಳಿದ. ರೌಸ್ ಹಿಲ್‌ನಲ್ಲಿ ನನ್ನ ಮಗಳು ತಲೆಗೆ ಕೈ ಹಚ್ಚಿಕೊಂಡಳು.

"ಅಮ್ಮಾ, ಮೆಲ್ಬೋರ್ನಿಗಾ? ನಿಂಗೆ ತಲೆ ಸರಿ ಉಂಟಾ? ಮಗುವನ್ನು ಸ್ಕೂಲಿಂದ ಯಾರು ಪಿಕ್ ಮಾಡುದು?"

"ನಿನ್ನ ಗಂಡನಿಗೆ ಕಾರು ಇಲ್ವಾ? ಲೈಸೆನ್ಸ್ ಇಲ್ವಾ?"

"ಅಷ್ಟೊಂದು ಯಾಕೆ ಆ ಮುದುಕಿ ಮೇಲೆ ಪ್ರೀತಿ?"

"ಪ್ರೀತಿ ಎಂತದು ಮಾರಾಯ್ತಿ. ಬೆನ್ನಲ್ಲಿ ಹುಣ್ಣು ಉಂಟು. ಅದು ನನ್ನ ಕೈಯಲ್ಲಿ ಆದದ್ದು."

ಮೊಮ್ಮಗಳು ಐಪ್ಯಾಡಿನಿಂದ ತಲೆ ಎತ್ತದೆ, "ಬೈ ಅಜ್ಜಿ," ಎಂದಳು.

ಮಗನ ಮನೆ ವಿಂಡಮ್ ವೇಲ್‌ನಲ್ಲಿ. ಎಲ್ಲ ಹೊಸ ಮನೆ, ಮರ ಒಂದೂ ಇಲ್ಲ, ಗಾಳಿ ಮಾತ್ರ ಬೇಕಾದಷ್ಟು. ಹೆಂಡತಿ ಬಿಟ್ಟುಹೋಗಿದ್ದಳು, ಅವನೊಬ್ಬನೇ. ಮುಂದಿನ ಕೋಣೆಯಲ್ಲಿ ಗಾಳಿಹಾಸಿಗೆಯ ಮಂಚ ಹಾಕಿಸಿದ್ದ. ಅದರ ಪಕ್ಕದಲ್ಲೇ ಬಟ್ಟೆ ಒಗೆಯುವ ಲಾಂಡ್ರಿ. ನಡುವಿನ ಗೋಡೆ ಹಲಗೆಯದ್ದು, ಬಡಿದರೆ ಡಬ್ಬದ ಸದ್ದು. ಮುದುಕಿ ಆ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು.

ಅವಳ ನಾಲಿಗೆ ಒಣಗಿ ಒಡೆದಿತ್ತು. ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ಒರೆಸಲು ಹೋದರೆ ತುಟಿ ಬಿಗಿಹಿಡಿದಳು. ಆಸ್ಪತ್ರೆಯಲ್ಲಿ ಹಟದಿಂದ ಸತ್ತವರನ್ನು ನೋಡಿದ್ದೇನೆ. ಯಾರೂ ಯಾರನ್ನೂ ಗೆದ್ದದ್ದು ನೋಡಿಲ್ಲ. ನನ್ನ ದೇವರಿಗೆ ನನ್ನ ಮೇಲೆ ಕೋಪ ಬಂದರೆ ತೀರಿಸಿಕೊಳ್ಳಲು ಕಾಲವಿದೆ, ಇವಳಿಗೆ ಕಾಲ ಇಲ್ಲ. ಇಷ್ಟೇ ಯೋಚಿಸಿದ್ದು. ದೊಡ್ಡ ಯೋಚನೆ ಏನೂ ಮಾಡಲಿಲ್ಲ.

"ಸರಿ, ಕಲಿಸು," ಎಂದೆ.

ಬಾಯಿ ತೆರೆದಳು. ಮೊದಲು ನೀರು, ಆಮೇಲೆ ಜಪ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಅದು. ಅವರ ಊರಲ್ಲೂ ಜಪ ಕಲಿಸುವುದು ವರ್ಷದ ಆ ದಿನಗಳಲ್ಲಿ ಮಾತ್ರವಂತೆ. ಬರೆದುಕೊಳ್ಳಬಾರದು, ಬಾಯಿಂದ ಬಾಯಿಗೆ. ಅಷ್ಟು ಬೇಗ ಬರೆದುಕೊಳ್ಳಲು ನನಗೆಲ್ಲಿ ಬರುತ್ತದೆ? ಅವಳು ಒಂದು ತುಂಡು ಹೇಳುವುದು, ನಾನು ಹುಣ್ಣು ತೊಳೆಯುತ್ತ ಹಿಂದೆ ಹೇಳುವುದು. ತಪ್ಪಿದರೆ ಮೊದಲಿನಿಂದ. ಅರ್ಥ ಕೇಳಿದೆ. "ಅಪ್ಪನಿಗೂ ಗೊತ್ತಿರಲಿಲ್ಲ," ಎಂದಳು.

"ಹೆಂಗಸರು ಹೇಳಬಹುದಾ ಇದನ್ನು?"

"ಹೇಳಬಾರದು. ಗಂಡಸರು ಮಾತ್ರ. ನಾನು ಗೋಡೆಯ ಆಚೆಯಿಂದ ಕೇಳಿ ಕದ್ದು ಕಲಿತವಳು. ನೀನು ಪರವಾಗಿಲ್ಲ, ಗಂಡಸಿನ ಹಾಗೇ ಇದ್ದೀಯ."

ಅವತ್ತು ಇಬ್ಬರೂ ನಕ್ಕೆವು. ಅವಳಿಗೆ ಕೆಮ್ಮು ಬಂದು ಬೆನ್ನು ತಟ್ಟಬೇಕಾಯಿತು.

ಕಷ್ಟ ಎಲ್ಲಿ ಬಂತೆಂದರೆ, ಅವಳ ಜಪ ನಡುವೆ ನಡುವೆ ನಮ್ಮ ಲ್ಯಾಟಿನ್ನಿನ ಹತ್ತಿರ ಬಂದು ಹಾದು ಹೋಗುತ್ತಿತ್ತು. ಗೊತ್ತಿಲ್ಲದವರು ಕಲಿತಿದ್ದರೆ ಸಲೀಸು. ನನ್ನ ನಾಲಿಗೆಗೆ ಹಳೆಯ ದಾರಿ ಗೊತ್ತು. ಕವಲಿಗೆ ಬಂದ ಕೂಡಲೇ ಎತ್ತು ತನ್ನ ಹಟ್ಟಿಗೆ ತಿರುಗಿದ ಹಾಗೆ ಇಗರ್ಜಿಯ ಜಪಕ್ಕೆ ತಿರುಗಿಬಿಡುತ್ತಿತ್ತು. ಅವಳು ಕೋಪದಿಂದ ಕಂಬಿ ಬಡಿಯುತ್ತಿದ್ದಳು. ಮಗನಿಗೆ ಒಂದು ಮಾತೂ ಹೇಳಬಾರದು ಎಂದು ಆಣೆ ಬೇರೆ ಹಾಕಿಸಿದ್ದಳು. ಅವನು ತಂದೆಯ ಕಡೆಯವನು, ಹೊರಗಿನವನು.

ಪಾದ್ರಿ ಬಂದದ್ದು ಒಂದು ಮಧ್ಯಾಹ್ನ. ಬಿಳಿ ಗಡ್ಡದ ಸಾಧು ಮನುಷ್ಯ, ಬೂಟು ಹೊರಗೆ ಬಿಟ್ಟು ಬಂದರು. ಮುದುಕಿಯ ಕೈ ಹಿಡಿದು ಮಾತಾಡಿಸಿದರು. ಅವಳು ತಲೆ ಬಗ್ಗಿಸಿ, ಭಾನುವಾರದ ಮುಖ ಮಾಡಿ, ಆಮೆನ್ ಎಂದಳು. ಅಷ್ಟು ಚೆನ್ನಾಗಿ ಸುಳ್ಳು ಮುಖ ಮಾಡುವುದನ್ನು ನಾನು ನೋಡಿರಲಿಲ್ಲ. ನಾನು ಲಾಂಡ್ರಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಗೋಡೆಯ ಆಚೆ ಪಾದ್ರಿಯ ದನಿ ಶುರುವಾಯಿತು, ಈಚೆ ನನ್ನದು. ವಾಷಿಂಗ್ ಮಷಿನ್ ಹಿಡಿದುಕೊಂಡೆ.

ಅರ್ಧ ದಾಟಿದ್ದೆ. ಕವಲು ಬಂತು. ಆಚೆಯಿಂದ ಪಾದ್ರಿ ಮರಿಯಮ್ಮನ ಹೆಸರೆತ್ತಿದರು, ನನ್ನ ನಾಲಿಗೆ ಅವರ ಹಿಂದೆ ಹೋಗಿಬಿಟ್ಟಿತು. ಸಾಯುತ್ತಿರುವವಳಿಗೆ ಇಗರ್ಜಿಯ ಜಪವನ್ನೇ ಗಟ್ಟಿಯಾಗಿ ಹೇಳುತ್ತ ನಿಂತಿದ್ದೆ. ಠಣ್ ಠಣ್ ಎಂದು ಸದ್ದು. ಮುದುಕಿ ಸ್ಟೀಲ್ ಲೋಟದಿಂದ ಕಂಬಿ ಬಡಿಯುತ್ತಿದ್ದಳು. ಮೊದಲಿನಿಂದ ಶುರು ಮಾಡಿದೆ.

ತಾಯಿಗೆ ನೀರು ಬೇಕೆಂದುಕೊಂಡು ಮಗ ಹೊರಗೆ ಬಂದ. ದನಿ ಕೇಳಿ ಲಾಂಡ್ರಿ ಬಾಗಿಲು ತೆರೆದ. ನಾನು ಅವನತ್ತ ಕೈ ಅಡ್ಡ ಹಿಡಿದೆ, ನಿಲ್ಲಿಸಲಿಲ್ಲ. ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಜಪ ಇನ್ನೂ ಉಳಿದಿರುವಾಗಲೇ ಮುಂಬಾಗಿಲು ತೆರೆದ ಸದ್ದು ಕೇಳಿತು, ಪಾದ್ರಿಯ "ಗಾಡ್ ಬ್ಲೆಸ್" ಕೇಳಿತು. ಹೊಸಿಲು ದಾಟಿದರು. ಕೆಲಸ ಕೆಟ್ಟಿತು.

"ಅದೇನು ಹೇಳುತ್ತಿದ್ದದ್ದು?" ಎಂದ ಮಗ. "ನಾನು ಚಿಕ್ಕವನಿದ್ದಾಗ ಮಮ್ ಅದನ್ನೇ ಹೇಳುತ್ತಿದ್ದಳು. ಭಾನುವಾರ ಚರ್ಚಿನಿಂದ ಬಂದ ಮೇಲೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು. ಜಪಾನಿ ಹಾಡು ಎಂದುಕೊಂಡಿದ್ದೆ."

ಆಣೆ ನೆನಪಿತ್ತು. ಆದರೆ ಗೋಡೆಯ ಆಚೆ ಮುದುಕಿ ಅಳುತ್ತಿದ್ದಳು, ಈಚೆ ಇವನು ನನ್ನ ದಾರಿಗೆ ಅಡ್ಡ ನಿಂತಿದ್ದ. ಇನ್ನೊಂದು ಸಲ ಪಾದ್ರಿ ಬರುವುದು ಹೆಣದ ಮುಂದೆ, ಈ ಎಣ್ಣೆಯನ್ನೂ ಸೇರಿಸಿ ಅಳಿಸಲು ಉಳಿದದ್ದು ಅದೊಂದೇ ಸಲ. ಅವತ್ತೂ ಇವನು ಹೀಗೆ ಬಾಗಿಲು ತೆರೆದು ನಿಂತರೆ? ಹೇಳಿಬಿಟ್ಟೆ. ದ್ವೀಪ, ಬಂಡೆ, ಉಗ್ರಾಣ, ಭಿಕ್ಷು, ಎಲ್ಲ. ಬಟ್ಟೆಬುಟ್ಟಿಯ ಮೇಲೆ ಕೂತು ಕೇಳಿದ.

"ಹಾಗಾದರೆ ಅಪ್ಪನ ಫ್ಯೂನರಲ್? ನನ್ನ ಬ್ಯಾಪ್ಟಿಸಂ?"

"ನನಗೇನು ಗೊತ್ತು? ಅವಳಿಗೆ ಕಿವಿ ಇನ್ನೂ ಇದೆ, ಹೋಗಿ ಕೇಳು."

ಹೋಗಲಿಲ್ಲ. ಹಿತ್ತಲಿಗೆ ಹೋಗಿ ಗಾಳಿಯಲ್ಲಿ ನಿಂತ. ನಾನು ಒಳಗೆ ಹೋದೆ. ಮುದುಕಿಯ ಹಣೆಯ ಮೇಲೆ ಎಣ್ಣೆ ಹೊಳೆಯುತ್ತಿತ್ತು.

"ಹೇಳಿದೆಯಾ ಅವನಿಗೆ?"

"ಹೇಳಿದೆ."

ಕಣ್ಣು ಮುಚ್ಚಿದಳು. ಬೈಯುತ್ತಾಳೆ ಎಂದು ಕಾದೆ. "ಏನಂದ?" ಎಂದಳು.

ಅವನೇ ಬಂದ. ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. "ಮಮ್, ನನ್ನ ಬ್ಯಾಪ್ಟಿಸಂ ದಿನವೂ ಬಾತ್‌ರೂಮಿಗೆ ಹೋಗಿದ್ದೆಯಾ?"

"ಹೋಗಿದ್ದೆ."

"ಹಾಗಾದರೆ ನಾನು ಯಾರು ಈಗ? ಕ್ಯಾಥೊಲಿಕ್ಕಾ, ನಿಮ್ಮವನಾ, ಏನು?"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ಕ್ಲೀನ್," ಎಂದಳು.

ಅವನು ನಕ್ಕನೋ ಅತ್ತನೋ ಹೇಳಲಾರೆ, ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದಿದ್ದ. ಆಮೇಲೆ, ಇನ್ನು ಪಾದ್ರಿ ಬೇಡ, ಚರ್ಚ್ ಬೇಡ, ಯಾವುದಾದರೂ ಹಾಲ್‌ನಲ್ಲಿ ಸುಮ್ಮನೆ ಹೂವಿಟ್ಟು ಮುಗಿಸುತ್ತೇನೆ, ಸುಳ್ಳು ಸಾಕು ಎಂದ. ಒಳ್ಳೆಯ ಮಾತು ಎಂದು ನಾನೂ ತಲೆಯಾಡಿಸಿದೆ. ನನ್ನ ಭಾರ ಇಳಿಯುತ್ತಿತ್ತಲ್ಲ.

ಮುದುಕಿಗೆ ಗಾಬರಿಯಾಯಿತು. "ನೋ! ಪಾದ್ರಿ ಬೇಕು. ದೊಡ್ಡ ಪೂಜೆ ಬೇಕು. ಪಾದ್ರಿ ಇಲ್ಲದಿದ್ದರೆ ಅಳಿಸುವುದು ಏನನ್ನು?"

ನಮ್ಮಿಬ್ಬರಿಗೂ ತಿಳಿಯಲಿಲ್ಲ. ಅವಳು ಉಸಿರು ಕೂಡಿಸಿಕೊಂಡು ಹೇಳಿದಳು. ಅವರ ಊರಲ್ಲಿ ಮುಂದಿನ ಕೋಣೆಯಲ್ಲಿ ಭಿಕ್ಷು ಇಲ್ಲದೆ ಒಬ್ಬರೂ ಸತ್ತಿಲ್ಲ. ಅವಳ ಅಮ್ಮ ಹೋದದ್ದು ಹಾಗೆ, ಅಜ್ಜಿ ಹೋದದ್ದು ಹಾಗೆ. ಮುಂದೆ ಒಂದು, ಹಿಂದೆ ಒಂದು. ಎರಡರ ನಡುವೆ ಸಣ್ಣ ಸಂದಿ ಬಿಡುತ್ತದೆ, ನಮ್ಮವರು ಹೋಗುವುದು ಅದರಲ್ಲಿ. ಬರೀ ಹಾಲ್ ಆದರೆ ಸಂದಿ ಎಲ್ಲಿ? ಮಗ ಮುಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ಆಮೆನ್ ಎನ್ನಬೇಕು. ಯಾರಿಗೂ ಅನುಮಾನ ಬರಬಾರದು.

"ಹಿಂದೆ ನಾನು ಕೂತುಕೊಳ್ಳುತ್ತೇನೆ, ನನಗೂ ಕಲಿಸು," ಎಂದ ಮಗ. ಕಲಿಸಿದಳು. ಮೊದಲ ಸಾಲು ಕೂಡ ಅವನ ಆಸ್ಟ್ರೇಲಿಯನ್ ಬಾಯಿಯಲ್ಲಿ ನಿಲ್ಲಲಿಲ್ಲ. ಮುದುಕಿ ಕೈ ಬೀಸಿ ಬಿಟ್ಟಳು. ನನ್ನ ಕಡೆ ನೋಡಿದಳು. ಮತ್ತೆ ನನ್ನ ತಲೆಗೇ.

ಆಮೇಲಿನ ದಿನಗಳಲ್ಲಿ ಕವಲಿನ ಜಾಗವನ್ನೇ ತಿಕ್ಕಿದೆವು. ಅವಳಿಗೆ ದನಿ ಹೋಗುತ್ತ ಬಂತು. ಆಮೇಲೆ ತುಟಿ ಮಾತ್ರ. ಆಮೇಲೆ ತಪ್ಪಿದಾಗ ನನ್ನ ಬೆರಳು ಚಿವುಟುವುದು ಮಾತ್ರ. ಆ ಜಾಗಕ್ಕೆ ಬಂದಾಗ ಉಸಿರು ಹಿಡಿದು, ನಾಲಿಗೆಯನ್ನು ಹಲ್ಲಿಗೆ ಒತ್ತಿ, ಆಮೇಲೆ ಮುಂದಿನದು ಹೇಳಬೇಕು ಎಂದು ನಾನೇ ಕಂಡುಕೊಂಡೆ. ಹುಣ್ಣು ಮಾಯಲಿಲ್ಲ. ವಾಸನೆ ಬಾರದ ಹಾಗೆ ನೋಡಿಕೊಂಡೆ, ಅಷ್ಟೇ ಸಾಧ್ಯವಿದ್ದದ್ದು. ಕಾಲು ತಣ್ಣಗಾಗಿ ಮೊಣಕಾಲಿನವರೆಗೆ ನೀಲಿ ಬಂದಾಗ ಮಗನನ್ನು ಕರೆದೆ. ಅವನು ಕೈ ಹಿಡಿದುಕೊಂಡಿದ್ದಾಗ ಹೋದಳು.

ಸಾವಿನ ಪೂಜೆಗೆ ಇಗರ್ಜಿಯಲ್ಲಿ ಪಕ್ಕದ ಕೋಣೆ ಎಲ್ಲಿ? ಹಿಂದಿನ ದಿನವೇ ಹೋಗಿ ನೋಡಿದೆ. ಪಾದ್ರಿ ಬಟ್ಟೆ ಬದಲಿಸುವ ಕೋಣೆಗೆ ಬೀಗ. ಕೊನೆಗೆ ಹಿಂಬದಿಯಲ್ಲಿ ಒಂದು ಗಾಜಿನ ಕೋಣೆ ಕಂಡಿತು. ಅಳುವ ಮಕ್ಕಳನ್ನು ಕರೆದುಕೊಂಡು ತಾಯಂದಿರು ಕೂರುವುದು. ನೆಲದ ಮೇಲೆ ಪ್ಲಾಸ್ಟಿಕ್ ಕಾರುಗಳು, ಗೋಡೆಯಲ್ಲಿ ಸ್ಪೀಕರ್. ಅಲ್ಲಿ ಕೂತೆ.

ಪೂಜೆ ಶುರುವಾದ ಮೇಲೆ ಒಬ್ಬ ತಾಯಿ ಮಗು ಎತ್ತಿಕೊಂಡು ಬಂದಳು. ಸ್ಪೀಕರ್‌ನಿಂದ ಪಾದ್ರಿಯ ದನಿ ನೇರ ನನ್ನ ತಲೆಗೆ ಬೀಳುತ್ತಿತ್ತು. ಎದ್ದು ಅದರ ಗುಂಡಿ ತಿರುಗಿಸಿ ಸಣ್ಣದು ಮಾಡಿದೆ.

"ಎಕ್ಸ್‌ಕ್ಯೂಸ್ ಮಿ, ನನಗೆ ಕೇಳಿಸಬೇಕು," ಎಂದಳು ಆ ತಾಯಿ.

"ನನಗೆ ಕೇಳಿಸಬಾರದು," ಎಂದೆ. ಅವಳು ಮಗುವನ್ನು ಎತ್ತಿಕೊಂಡು ಎದ್ದು ಹೋದಳು.

ಶುರು ಮಾಡಿದೆ. ಗಾಜಿನ ಆಚೆ ಪೆಟ್ಟಿಗೆ, ಮುಂದಿನ ಬೆಂಚಿನಲ್ಲಿ ಮಗ. ಎದ್ದೇಳುವಾಗ ಎದ್ದ, ಕೂರುವಾಗ ಕೂತ. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ತಾಯಿಯ ಮಗನೇ. ಕವಲಿನ ಜಾಗ ಬರುವ ಹೊತ್ತಿಗೆ ಪಾದ್ರಿ ಪ್ರಸಾದ ಮೇಲೆತ್ತಿದರು, ಗಂಟೆ ಹೊಡೆಯಿತು. ನನ್ನನ್ನು ಕೇಳದೆ ಮಂಡಿ ಮಡಿಚಿಕೊಂಡಿತು. ಹುಟ್ಟಿದಾಗಿನಿಂದ ಆ ಗಂಟೆಗೆ ಮಡಿಸಿದ ಮಂಡಿ ಅದು. ನೆಲಕ್ಕೆ ಊರಿದ್ದು ನನ್ನ ದೇವರಿಗೆ. ಉಸಿರು ಹಿಡಿದೆ, ನಾಲಿಗೆ ಹಲ್ಲಿಗೆ ಒತ್ತಿದೆ, ಮುದುಕಿಯದ್ದನ್ನೇ ಹೇಳಿದೆ. ದಾಟಿತು. ಪೆಟ್ಟಿಗೆಯನ್ನು ಹೆಗಲಿಗೆ ಎತ್ತುವ ಮೊದಲೇ ಕೊನೆಯ ಮಾತು ಮುಗಿಯಿತು. ಗಾಜಿನ ಪಕ್ಕದಲ್ಲಿ ಪೆಟ್ಟಿಗೆ ಹಾದುಹೋಯಿತು. ಮಗ ಅದರ ಹಿಂದೆ ನಡೆಯುತ್ತ ಒಂದು ಸಲ ನನ್ನ ಕಡೆ ನೋಡಿದ. ಮುಗಿಯಿತು ಎಂದು ತಲೆಯಾಡಿಸಿದೆ.

ಸಿಡ್ನಿಗೆ ಬಂದ ಮೇಲೆ ಭಾನುವಾರದ ಪೂಜೆ ತಪ್ಪಿಸಿಲ್ಲ. ಪರಮಪ್ರಸಾದಕ್ಕೆ ಎಲ್ಲರೂ ಸಾಲು ನಿಲ್ಲುವಾಗ ನಾನು ಮಾತ್ರ ಬೆಂಚಿನಲ್ಲೇ ಕೂತಿರುತ್ತೇನೆ. ಆ ಪಾಪ ತೊಳೆಯದೆ ಪ್ರಸಾದ ಮುಟ್ಟುವ ಹಾಗಿಲ್ಲ. ಪಾದ್ರಿಯ ಮುಂದೆ ಹೇಳಿಕೊಂಡು ತೊಳೆದುಕೊಳ್ಳಬೇಕಾದರೆ ಮಾಡಿದ್ದಕ್ಕೆ ದುಃಖವಾಗಬೇಕು. ಎಷ್ಟು ಹುಡುಕಿದರೂ ದುಃಖ ಸಿಗುತ್ತಿಲ್ಲ. ಮಗಳು ಯಾಕೆ ಏಳುವುದಿಲ್ಲ ಎಂದು ಕೇಳುತ್ತಾಳೆ. ಮೊಣಕಾಲು ನೋವು ಎನ್ನುತ್ತೇನೆ.